ಅರಗಿನ ಪ್ಲೇಟು, ವಿನೈಲ್ ರೆಕಾರ್ಡು: ಬಿಸಿಲುನಾಡಿನಲ್ಲಿ ಸಂಗ್ರಹ ಮತ್ತು ಜೋಪಾನ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಹಳೆಯ ಮನೆಗಳ ಟ್ರಂಕುಗಳಲ್ಲಿ, ವ್ಯಾಪಾರ ನಿಲ್ಲಿಸಿದ ಮೈಕ್‌ಸೆಟ್ ಅಂಗಡಿಗಳ ಅಟ್ಟಗಳಲ್ಲಿ, ಗುಜರಿ ಅಂಗಡಿಗಳ ಮೂಲೆಗಳಲ್ಲಿ ಇಂದಿಗೂ ಗ್ರಾಮಫೋನ್ ರೆಕಾರ್ಡುಗಳು ಸಿಗುತ್ತವೆ. ದೂರದಿಂದ ನೋಡಿದವರಿಗೆ ಎಲ್ಲವೂ ಒಂದೇ ಬಗೆಯ ಕಪ್ಪು ತಟ್ಟೆಗಳು. ವಾಸ್ತವದಲ್ಲಿ ಅವು ಎರಡು ಬೇರೆ ಪದಾರ್ಥಗಳಿಂದ ಆದವು: ಹಳೆಯವು ಅರಗಿನಿಂದ, ಆಮೇಲಿನವು ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ. ಒಂದನ್ನು ಶುಚಿಗೊಳಿಸುವ ದ್ರವ ಇನ್ನೊಂದನ್ನು ಕರಗಿಸುತ್ತದೆ, ಒಂದನ್ನು ನುಡಿಸುವ ಮುಳ್ಳು ಇನ್ನೊಂದನ್ನು ಒಂದೇ ಸಲಕ್ಕೆ ಕೆರೆದುಹಾಕುತ್ತದೆ. ರೆಕಾರ್ಡುಗಳ ಜೋಪಾನದ ಬಗ್ಗೆ ಈಗ ಸುಲಭವಾಗಿ ಸಿಗುವ ಸಲಹೆಗಳಲ್ಲಿ ಬಹುಪಾಲು ತಂಪು ದೇಶಗಳಿಂದ ಬಂದವು ಮತ್ತು ವಿನೈಲ್ ರೆಕಾರ್ಡನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ನಮ್ಮ ಭಾಗದಲ್ಲಿ ಕೈಗೆ ಬರುವುದು ಬಹಳಷ್ಟು ಅರಗಿನ ರೆಕಾರ್ಡು. ಕಾಡುವುದು ಬಿಸಿಲು, ದೂಳು ಮತ್ತು ಗಡಸು ನೀರು. ಆದ್ದರಿಂದ ಇಲ್ಲಿಯ ಸಂಗ್ರಾಹಕರು ಮೊದಲು ಪದಾರ್ಥವನ್ನು ಗುರುತಿಸಬೇಕು. ಉಳಿದ ನಿಯಮಗಳೆಲ್ಲ ಅದರಿಂದಲೇ ಹುಟ್ಟುತ್ತವೆ.

ಎರಡು ಪದಾರ್ಥ, ಎರಡು ಗೆರೆ

ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನಿಗೆ ಪೇಟೆಂಟ್ ಪಡೆದದ್ದು 1887ರಲ್ಲಿ. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ತಟ್ಟೆಗಳನ್ನು ಮುಖ್ಯವಾಗಿ ಅರಗಿನಿಂದ ಮಾಡಲಾಯಿತು. ಅರಗಿನ ಹುಳು ಮರದ ಕೊಂಬೆಗಳ ಮೇಲೆ ಸ್ರವಿಸುವ ಅಂಟನ್ನು ಸೋಸಿ ತಯಾರಿಸುವ ಶೆಲ್ಯಾಕ್‌ಗೆ ಅಂದಿಗೂ ಇಂದಿಗೂ ಮುಖ್ಯ ಮೂಲವೆಂದರೆ ಭಾರತ, ಅದರಲ್ಲಿಯೂ ಇಂದಿನ ಜಾರ್ಖಂಡ್ ಮತ್ತು ಸುತ್ತಲಿನ ಕಾಡುಪ್ರದೇಶ. ಆದರೆ ರೆಕಾರ್ಡಿನಲ್ಲಿ ಅರಗಿನ ಪಾಲು ಸಾಮಾನ್ಯವಾಗಿ ಮೂರನೆಯ ಒಂದಕ್ಕಿಂತ ಹೆಚ್ಚಿರುತ್ತಿರಲಿಲ್ಲ. ಉಳಿದದ್ದು ನುಣ್ಣಗೆ ಅರೆದ ಕಲ್ಲಿನ ಪುಡಿ, ಸ್ವಲ್ಪ ಹತ್ತಿಯ ನಾರು, ಮತ್ತು ಬಣ್ಣಕ್ಕಾಗಿ ಕಾಡಿಗೆಯಂಥ ಇಂಗಾಲದ ಪುಡಿ. ಈ ಕಲ್ಲಿನ ಪುಡಿಯನ್ನು ಅಗ್ಗದ ಕಲಬೆರಕೆ ಎಂದು ಭಾವಿಸಬಾರದು, ಅದಕ್ಕೊಂದು ಕೆಲಸವಿತ್ತು. ಉಕ್ಕಿನ ಮುಳ್ಳು ಗೆರೆಗೆ ಇಳಿದ ಮೊದಲ ಕೆಲವು ಸುತ್ತುಗಳಲ್ಲಿಯೇ ಈ ಪುಡಿ ಅದನ್ನು ಸಾಣೆ ಹಿಡಿದಂತೆ ತೇಯ್ದು ಗೆರೆಯ ಆಕಾರಕ್ಕೆ ತರುತ್ತಿತ್ತು. ಹಾಗೆ ತೇಯ್ದ ಮುಳ್ಳು ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಚೂಪಾದ ಅಂಚುಗಳನ್ನು ಪಡೆದಿರುತ್ತಿತ್ತು. ಅದನ್ನೇ ಮತ್ತೆ ಬಳಸಿದರೆ ಗೆರೆಯ ಗೋಡೆಯನ್ನು ಕತ್ತರಿಸುತ್ತಿತ್ತು. ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕೆಂಬ ಹಿರಿಯರ ಕಟ್ಟಪ್ಪಣೆಗೆ ಕಾರಣ ಇದು.

ನಮ್ಮ ದೇಶದಲ್ಲಿ ಧ್ವನಿಮುದ್ರಣ ವ್ಯಾಪಾರವಾಗಿ ಬೇರೂರಿದ್ದು 1902ರ ನವೆಂಬರಿನಲ್ಲಿ, ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡಾಗ. ಅಂದಿನ ಮೇಣದ ಮೂಲಪ್ರತಿಗಳನ್ನು ಜರ್ಮನಿಯ ಹ್ಯಾನೋವರ್‌ಗೆ ಕಳುಹಿಸಿ, ಅಲ್ಲಿ ಅಚ್ಚೊತ್ತಿಸಿ ಹಡಗಿನಲ್ಲಿ ತರಿಸಿಕೊಳ್ಳಬೇಕಾಗಿತ್ತು. 1908ರಲ್ಲಿ ಕಲ್ಕತ್ತಾದ ಸಿಯಾಲ್ದಾದಲ್ಲಿ ಕಾರ್ಖಾನೆ ಆರಂಭವಾದ ಮೇಲೆ ಇಲ್ಲಿಯ ಅರಗು ಇಲ್ಲಿಯೇ ರೆಕಾರ್ಡಾಗತೊಡಗಿತು. ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ವಿನೈಲ್‌ನಿಂದ ಮಾಡಿದ, ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯನ್ನು (ಲಾಂಗ್ ಪ್ಲೇ ರೆಕಾರ್ಡು) ಹೊರತಂದಿತು. ಮರುವರ್ಷ ಆರ್‌ಸಿಎ ವಿಕ್ಟರ್ ಏಳು ಇಂಚಿನ, 45 ಸುತ್ತಿನ ರೆಕಾರ್ಡನ್ನು ತಂದಿತು. ಭಾರತದಲ್ಲಿ ನಿಮಿಷಕ್ಕೆ 78 ಸುತ್ತಿನ ಅರಗಿನ ರೆಕಾರ್ಡುಗಳು 1960ರ ದಶಕದುದ್ದಕ್ಕೂ ಮಾರಾಟವಾಗುತ್ತಲೇ ಇದ್ದವು. ವಿದ್ಯುತ್ತೇ ಇಲ್ಲದ ಊರುಗಳಲ್ಲಿ ಕೀಲಿ ಕೊಟ್ಟು ನುಡಿಸುವ ಪೆಟ್ಟಿಗೆಗೆ ಬೇಕಾದದ್ದು ಅದೇ ಆಗಿತ್ತು.

ಗೆರೆಯ ಒಳಗಿನ ವ್ಯವಹಾರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರೆಕಾರ್ಡಿನ ಒಂದು ಮಗ್ಗುಲಿನಲ್ಲಿರುವುದು ಹೊರ ಅಂಚಿನಿಂದ ಒಳಕ್ಕೆ ಸುತ್ತುತ್ತ ಹೋಗುವ ಒಂದೇ ಗೆರೆ. ಇಪ್ಪತ್ತೆರಡು ನಿಮಿಷದ ಎಲ್‌ಪಿ ಮಗ್ಗುಲಿನ ಗೆರೆಯನ್ನು ಬಿಚ್ಚಿ ನೇರ ಹಾಸಿದರೆ ಅದು ಸುಮಾರು ಅರ್ಧ ಕಿಲೋಮೀಟರ್ ಉದ್ದವಾಗುತ್ತದೆ. ಈ ಗೆರೆ ನೇರವಾಗಿರದೆ ಧ್ವನಿಯ ಕಂಪನಕ್ಕೆ ತಕ್ಕಂತೆ ಅತ್ತಿತ್ತ ಅಲೆಯುತ್ತದೆ. ಮುಳ್ಳು ಆ ಅಲೆದಾಟವನ್ನು ಅನುಸರಿಸಿ ಕಂಪಿಸುತ್ತದೆ. ಮಾನೊ ರೆಕಾರ್ಡಿನಲ್ಲಿ ಗೆರೆಯ ಎರಡೂ ಗೋಡೆಗಳಲ್ಲಿರುವುದು ಒಂದೇ ಧ್ವನಿ. ಸ್ಟೀರಿಯೊದಲ್ಲಿ ಎಡದ ಧ್ವನಿ ಒಂದು ಗೋಡೆಯಲ್ಲಿ, ಬಲದ್ದು ಇನ್ನೊಂದರಲ್ಲಿ. 78ರ ಗೆರೆ ಅಗಲವಾದದ್ದು, ಅದಕ್ಕೆ ಸುಮಾರು 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ತ್ರಿಜ್ಯದ ಮುಳ್ಳಿನ ತುದಿ ಬೇಕು. ಎಲ್‌ಪಿಯದು ಸೂಕ್ಷ್ಮ ಗೆರೆ. ಹಳೆಯ ಮಾನೊ ಎಲ್‌ಪಿಗೆ 25, ಸ್ಟೀರಿಯೊಗೆ 18 ಮೈಕ್ರಾನಿನ ಆಸುಪಾಸಿನ ತುದಿ. ಎಲ್‌ಪಿ ಮುಳ್ಳನ್ನು 78ರ ಮೇಲೆ ಇಳಿಸಿದರೆ ಅದು ಗೋಡೆಗಳನ್ನು ಸರಿಯಾಗಿ ಮುಟ್ಟದೆ ಗೆರೆಯ ತಳದಲ್ಲಿ ಕೂತಿರುವ ಕಸದ ಮೇಲೆ ಜಾರುತ್ತ ಹೋಗುತ್ತದೆ, ಹಾಡಿಗಿಂತ ಚರಚರ ಸದ್ದೇ ಹೆಚ್ಚು ಕೇಳುತ್ತದೆ. 78ರ ಮುಳ್ಳು ಎಲ್‌ಪಿಯ ಗೆರೆಗೆ ಇಳಿಯಲಾರದೆ ಅದರ ಮೇಲಂಚನ್ನು ಉಜ್ಜಿ ಹಾಳುಮಾಡುತ್ತದೆ. ಇನ್ನು ಕೀಲಿ ಪೆಟ್ಟಿಗೆಯಲ್ಲಿ ಮುಳ್ಳನ್ನು ಹಿಡಿದು ಸದ್ದು ಹೊರಡಿಸುವ ಭಾಗವಾದ ಸೌಂಡ್‌ಬಾಕ್ಸ್ ನೂರು ಗ್ರಾಂಗೂ ಮೀರಿದ ಭಾರವನ್ನು ಉಕ್ಕಿನ ಮುಳ್ಳಿನ ಮೂಲಕ ಹೇರುತ್ತದೆ. ಅದರ ಕೆಳಗೆ ಎಲ್‌ಪಿ ಇಟ್ಟರೆ ಮತ್ತೆ ಕೇಳುವ ಆಸೆ ಬಿಡಬೇಕಾಗುತ್ತದೆ. ಮದುವೆಮನೆಯ ಅಲಂಕಾರಕ್ಕೆಂದು ಕೊಳಗದ (ಕಹಳೆಯಾಕಾರದ ಬಾಯಿಯ) ಗ್ರಾಮಫೋನ್ ತಂದಿಟ್ಟು ಅದರ ಮೇಲೆ ಸಿನಿಮಾ ಹಾಡಿನ ಎಲ್‌ಪಿ ತಿರುಗಿಸುವವರನ್ನು ಕಂಡಾಗ ಹೊಟ್ಟೆ ಚುರ್ ಎನ್ನುತ್ತದೆ.

ಗುರುತಿಸುವುದು ಕಷ್ಟವೇನಲ್ಲ. ಲೇಬಲ್ ಮೇಲೆ ‘78’ ಎಂದಿದ್ದರೆ, ಅಥವಾ ಸುತ್ತಿನ ಸಂಖ್ಯೆಯೇ ಇಲ್ಲದೆ ಮಗ್ಗುಲಿಗೆ ಒಂದೇ ಹಾಡಿನ ಹೆಸರಿದ್ದು ತಟ್ಟೆ ಹತ್ತು ಇಂಚು ಅಗಲವಿದ್ದರೆ, ಅದು ಬಹುತೇಕ ಅರಗಿನದು. ಕೈಗೆ ಭಾರವೆನಿಸುತ್ತದೆ, ಅಂಚು ದಪ್ಪ, ಬೆರಳುಗುರಿನಿಂದ ಮೆಲ್ಲಗೆ ತಟ್ಟಿದರೆ ಪಿಂಗಾಣಿಯಂತೆ ಗಡಸು ಸದ್ದು ಬರುತ್ತದೆ. ವಿನೈಲ್ ಮಂಕಾಗಿ ಸದ್ದು ಮಾಡುತ್ತದೆ. ಬಾಗಿಸಿ ನೋಡುವ ಪರೀಕ್ಷೆಯನ್ನು ಮಾತ್ರ ಮಾಡಲೇಬಾರದು, ಏಕೆಂದರೆ ಅರಗಿನದಾಗಿದ್ದರೆ ಉತ್ತರ ಎರಡು ತುಂಡಾಗಿ ಸಿಗುತ್ತದೆ.

ಈ ಭಾಗದಲ್ಲಿ ಏನು ಸಿಗುತ್ತದೆ, ಏಕೆ

ಮೂರೂ ಜಿಲ್ಲೆಗಳು ಇಂದು ಕಲ್ಯಾಣ ಕರ್ನಾಟಕದ ಒಂದೇ ಗುಂಪಿನಲ್ಲಿದ್ದರೂ ಗ್ರಾಮಫೋನ್ ಕಾಲದಲ್ಲಿ ಅವು ಬೇರೆ ಬೇರೆ ದೊರೆತನದಲ್ಲಿದ್ದವು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು ಮತ್ತು ಆಗ ಅದರ ಭಾಗವಾಗಿದ್ದ ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಸರಕು ಬರುತ್ತಿದ್ದ ದಾರಿ ಆಡಳಿತದ ಗಡಿಯನ್ನೂ ರೈಲುಹಳಿಯನ್ನೂ ಅನುಸರಿಸುತ್ತದೆ. ಹೀಗಾಗಿ ಬಳ್ಳಾರಿಯ ಹಳೆಯ ಪೆಟ್ಟಿಗೆಗಳಲ್ಲಿ ಮದ್ರಾಸಿನ ವ್ಯಾಪಾರಿಗಳ ಮೂಲಕ ಬಂದ ತೆಲುಗು ನಾಟಕದ ಪದ್ಯಗಳು, ಕರ್ನಾಟಕ ಸಂಗೀತ, ಕನ್ನಡದ ಕಂಪನಿ ನಾಟಕದ ಹಾಡುಗಳು ಒಟ್ಟೊಟ್ಟಿಗೆ ಕಂಡರೆ ಆಶ್ಚರ್ಯವಿಲ್ಲ. ರಾಯಚೂರಿನ ಕಡೆ ಉರ್ದು ಕವ್ವಾಲಿ, ಗಜಲ್, ಹಿಂದಿ ಚಿತ್ರಗೀತೆಗಳನ್ನು ನಿರೀಕ್ಷಿಸಬಹುದು. ಕೊಪ್ಪಳದ ಪಶ್ಚಿಮ ಭಾಗದಲ್ಲಿ ಗದಗ–ಹುಬ್ಬಳ್ಳಿಯ ಗಾಳಿ ಬೀಸಿ ಹಿಂದೂಸ್ತಾನಿ ಗಾಯನ ಮತ್ತು ಮರಾಠಿ ರಂಗಗೀತೆಗಳ ಸುಳಿವು ಹತ್ತುತ್ತದೆ. ಮನೆತನವೊಂದರ ಪೆಟ್ಟಿಗೆಯನ್ನು ಕೊಳ್ಳುವಾಗ ಕನ್ನಡದ್ದನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಗುಜರಿಗೆ ಬಿಡುವುದು, ನನ್ನ ದೃಷ್ಟಿಯಲ್ಲಿ, ಆ ಮನೆಯ ಕಿವಿಯನ್ನೇ ಅರ್ಧ ಕೊಯ್ದಂತೆ. ಸಾಧ್ಯವಾದಲ್ಲಿ ಪೆಟ್ಟಿಗೆಯನ್ನು ಇಡಿಯಾಗಿ ಕೊಂಡು, ಯಾವ ಊರಿನ ಯಾವ ಬಗೆಯ ಮನೆಯದೆಂದು ಒಂದು ಚೀಟಿ ಬರೆದಿಡಬೇಕು.

ಲೇಬಲನ್ನು ಓದುವುದು ಒಂದು ಕಲೆ. 1930ರ ದಶಕದಿಂದೀಚಿನ ಹತ್ತು ಇಂಚಿನ ಭಾರತೀಯ ರೆಕಾರ್ಡುಗಳಲ್ಲಿ ಎಚ್‌ಎಂವಿಯ (ಹಿಸ್ ಮಾಸ್ಟರ್ಸ್ ವಾಯ್ಸ್) ‘ಎನ್’ ಸರಣಿ, ಕೊಲಂಬಿಯಾದ ‘ಜಿಇ’ ಸರಣಿ ಮತ್ತೆ ಮತ್ತೆ ಎದುರಾಗುತ್ತವೆ. ಎಲ್‌ಪಿಗಳಲ್ಲಿ ಎಚ್‌ಎಂವಿಯ ‘ಇಸಿಎಲ್‌ಪಿ’ ಎಂಬುದು ಮಾನೊ, ‘ಇಸಿಎಸ್‌ಡಿ’ ಎಂಬುದು ಸ್ಟೀರಿಯೊ. ಲೇಬಲ್‌ಗೂ ಕೊನೆಯ ಗೆರೆಗೂ ನಡುವೆ ಉಳಿದ ನುಣುಪಾದ ಪಟ್ಟಿಯಲ್ಲಿ ಬೆಳಕನ್ನು ಓರೆಯಾಗಿ ಬೀಳಿಸಿದರೆ ಕೆತ್ತಿದ ಇನ್ನೊಂದು ಸಂಖ್ಯೆ ಕಾಣುತ್ತದೆ. ಅದು ಮೂಲಪ್ರತಿಯ ಸಂಖ್ಯೆ. ಒಂದೇ ಧ್ವನಿಮುದ್ರಣ ಬೇರೆ ಬೇರೆ ಲೇಬಲ್‌ಗಳಲ್ಲಿ ಮರುಮುದ್ರಣಗೊಂಡಿದ್ದರೂ ಈ ಸಂಖ್ಯೆಯಿಂದ ಅದನ್ನು ಪತ್ತೆಹಚ್ಚಬಹುದು. ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಗಂಗೂಬಾಯಿ ಹಾನಗಲ್ ಅವರ ಆರಂಭದ ಎಚ್‌ಎಂವಿ ರೆಕಾರ್ಡುಗಳು ಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಇದನ್ನರಿಯದವರು ಅಂಥ ರೆಕಾರ್ಡನ್ನು ಯಾರೋ ಅಪರಿಚಿತೆಯದೆಂದು ಪಕ್ಕಕ್ಕೆ ಸರಿಸಿಬಿಡುವ ಸಂಭವವಿದೆ.

ಮೈಕ್‌ಸೆಟ್ ಅಂಗಡಿಗಳ ದಾಸ್ತಾನಿನ ಬಗ್ಗೆ ಒಂದು ಮಾತು. ಜಾತ್ರೆ, ಮದುವೆ, ಟೂರಿಂಗ್ ಟಾಕೀಸಿನ ಆಟಕ್ಕೆ ಮುನ್ನಿನ ಹಾಡು, ಹೀಗೆ ದಿನವಿಡೀ ಬಿಸಿಲಲ್ಲಿ ತಿರುಗಿದ ಈ ರೆಕಾರ್ಡುಗಳು ಸಂಖ್ಯೆಯಲ್ಲಿ ಹೇರಳ, ಸ್ಥಿತಿಯಲ್ಲಿ ಬಡ. ಸವೆತವನ್ನು ಅಳೆಯಲು ಎರಡು ಕಡೆ ನೋಡಬೇಕು. ಮೊದಲನೆಯದು ನಡುವಿನ ರಂಧ್ರದ ಸುತ್ತಲಿನ ಲೇಬಲ್: ರೆಕಾರ್ಡನ್ನು ಕೂರಿಸುವಾಗ ಕಡ್ಡಿ ತಾಗಿ ಮೂಡಿದ ಸಣ್ಣ ಗೆರೆಗಳು ಜೇಡರ ಬಲೆಯಂತೆ ಹಬ್ಬಿದ್ದರೆ ಅದನ್ನು ಲೆಕ್ಕವಿಲ್ಲದಷ್ಟು ಸಲ ನುಡಿಸಿದ್ದಾರೆಂದು ತಿಳಿಯಬೇಕು. ಎರಡನೆಯದು ಗೆರೆಗಳ ಬಣ್ಣ: ಸವೆದ ಅರಗಿನ ರೆಕಾರ್ಡಿನಲ್ಲಿ, ಅದರಲ್ಲಿಯೂ ಹಾಡು ಏರುದನಿಗೆ ಹೋದ ಜಾಗದಲ್ಲಿ, ಕಪ್ಪು ಹೋಗಿ ಬೂದುಬಣ್ಣ ಕಾಣಿಸುತ್ತದೆ. ಆ ಬೂದುಬಣ್ಣ ತೊಳೆದರೂ ಹೋಗದು, ಅಲ್ಲಿಯ ಗೋಡೆಯೇ ಇಲ್ಲವಾಗಿದೆ. ಹೊಳಪು ತರಿಸಲು ಎಣ್ಣೆ ಸವರಿ ಮಾರುವವರೂ ಉಂಟು. ಬೆರಳಿಗೆ ಜಿಡ್ಡು ತಗುಲಿದರೆ ಬೆಲೆಯ ಮಾತನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕು. ಹಂಪಿ, ಆನೆಗೊಂದಿಯಂಥ ಪ್ರವಾಸಿ ತಾಣಗಳಲ್ಲಿ ಹಳೆಯದೆಂದು ತೋರಿಸುವ ಹಿತ್ತಾಳೆ ಕೊಳಗದ ಗ್ರಾಮಫೋನುಗಳ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಬಹುದು: ಥಳಥಳಿಸುವ ಕೊಳಗ, ಹೊಸ ಮರದ ಪೆಟ್ಟಿಗೆ, ಮೇಲೊಂದು ನಾಯಿಚಿತ್ರದ ತಗಡು ಇದ್ದರೆ ಅದು ಇತ್ತೀಚೆಗೆ ಜೋಡಿಸಿದ ಅಲಂಕಾರದ ವಸ್ತು, ರೆಕಾರ್ಡು ನುಡಿಸಲು ತಕ್ಕದ್ದಲ್ಲ.

ದೂಳು ಮತ್ತು ನೀರು

ದೂಳು ಎಲ್ಲ ಊರಲ್ಲೂ ಇರುತ್ತದೆ, ಆದರೆ ಎಲ್ಲ ಊರಿನ ದೂಳೂ ಒಂದೇ ಅಲ್ಲ. ಸಂಡೂರು, ತೋರಣಗಲ್ಲಿನ ಸುತ್ತ ಅದಿರು ಲಾರಿಗಳು ಎಬ್ಬಿಸುವ ಕೆಂದೂಳಿನಲ್ಲಿ ಕಬ್ಬಿಣದ ಅದಿರಿನ ಮತ್ತು ಬೆಣಚುಕಲ್ಲಿನ ಕಣಗಳಿರುತ್ತವೆ. ಬೆಣಚು 1ರಿಂದ 10ರವರೆಗಿನ ಗಡಸುತನದ ಮಾಪಕದಲ್ಲಿ 7ರಲ್ಲಿ ನಿಲ್ಲುತ್ತದೆ, ಅದಿರು 5ರಿಂದ 6ರ ಆಸುಪಾಸು. ವಿನೈಲ್ ಇವುಗಳ ಮುಂದೆ ಬೆಣ್ಣೆ. ಗಂಗಾವತಿ, ಸಿಂಧನೂರಿನ ಅಕ್ಕಿಗಿರಣಿಗಳ ಉಮಿಬೂದಿ, ರಾಯಚೂರಿನ ಜಿನ್ನಿಂಗ್ ಕಾರ್ಖಾನೆಗಳ ಹತ್ತಿಯ ಎಳೆ ಇವು ಮೆತ್ತಗಿನವಾದರೂ ಮುಳ್ಳಿನ ತುದಿಗೆ ಉಂಡೆಕಟ್ಟಿ ಧ್ವನಿಯನ್ನು ಮಸುಕುಗೊಳಿಸುತ್ತವೆ. ಗಡಸು ಕಣದ ಕತೆ ಬೇರೆ. ಎಲ್‌ಪಿಯ ಮೇಲೆ ಮುಳ್ಳಿನ ಭಾರ ಎರಡು ಗ್ರಾಂ ಮಾತ್ರ ಎನಿಸಿದರೂ ಅದು ಬೀಳುವ ಜಾಗ ಎಷ್ಟು ಸಣ್ಣದೆಂದರೆ, ಒತ್ತಡವನ್ನು ಚದರ ಸೆಂಟಿಮೀಟರಿಗೆ ಟನ್ನಿನ ಲೆಕ್ಕದಲ್ಲಿ ಹೇಳಬೇಕಾಗುತ್ತದೆ. ಆ ಒತ್ತಡದಲ್ಲಿ ಸಿಕ್ಕಿದ ಕಣ ಗೆರೆಯ ಗೋಡೆಯಲ್ಲಿ ನಾಟಿಕೊಳ್ಳುತ್ತದೆ. ಮುಂದೆ ಪ್ರತಿ ಸಲ ನುಡಿಸಿದಾಗಲೂ ಅಲ್ಲಿ ‘ಟಕ್’ ಎಂಬ ಸದ್ದು. ಆದ್ದರಿಂದ ತೊಳೆಯದ ಹಳೆಯ ರೆಕಾರ್ಡನ್ನು ‘ಒಮ್ಮೆ ಹೇಗಿದೆ ನೋಡೋಣ’ ಎಂದು ನುಡಿಸುವುದೇ ಅದಕ್ಕೆ ಮಾಡುವ ದೊಡ್ಡ ಹಾನಿ.

ಮಾರ್ಚಿನಿಂದ ಮೇ ತಿಂಗಳವರೆಗೆ ನಮ್ಮ ಒಣ ಗಾಳಿಯಲ್ಲಿ ವಿನೈಲ್ ರೆಕಾರ್ಡು ಕವರಿನಿಂದ ಹೊರಬರುವಾಗಲೇ ಸ್ಥಾಯೀ ವಿದ್ಯುತ್ತನ್ನು ಪಡೆದು ದೂಳನ್ನು ಎಳೆದುಕೊಳ್ಳುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಅದು ಇನ್ನೂ ಹೆಚ್ಚುತ್ತದೆ. ಇಂಗಾಲದ ನಾರಿನ ಬ್ರಷ್ ಇದ್ದರೆ ತಿರುಗುವ ರೆಕಾರ್ಡಿನ ಮೇಲೆ ಹಗುರಾಗಿ ಹಿಡಿದು ದೂಳನ್ನು ಹೊರಗೆ ಸಾಗಿಸಬಹುದು. ಅರಗಿನ ರೆಕಾರ್ಡಿಗೆ ಈ ಕಾಟ ಬಹಳ ಕಡಿಮೆ.

ತೊಳೆಯುವ ನೀರಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು. ರಾಯಚೂರು, ಕೊಪ್ಪಳ ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿ ಲವಣಾಂಶ ಹೆಚ್ಚು. ಬಕೆಟ್ಟಿನ ಅಂಚಿಗೆ ಬಿಳಿಯ ಪದರು ಕಟ್ಟುವ ಅದೇ ನೀರು ಗೆರೆಯೊಳಗೆ ಒಣಗಿದರೆ ಅಲ್ಲಿಯೂ ಬಿಳಿಯ ಪದರನ್ನೇ ಬಿಡುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕಲು ಬ್ಯಾಟರಿ ಅಂಗಡಿಗಳಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಇದಕ್ಕೆ ತಕ್ಕದ್ದು. ಕೇಳುವಾಗ ಆಮ್ಲವಲ್ಲ, ಬರೀ ನೀರು ಎಂದು ಬಿಡಿಸಿ ಹೇಳಬೇಕು. ಒಂದು ಲೀಟರ್ ನೀರಿಗೆ ಬಣ್ಣ ಮತ್ತು ಪರಿಮಳ ಕಡಿಮೆಯಿರುವ ಪಾತ್ರೆ ತೊಳೆಯುವ ದ್ರವದ ಎರಡು ಮೂರು ಹನಿ ಸಾಕು. ಅದರ ಕೆಲಸ ನೀರನ್ನು ಗೆರೆಯ ತಳದವರೆಗೆ ಇಳಿಸುವುದು ಮಾತ್ರ, ನೊರೆ ಎಬ್ಬಿಸುವುದಲ್ಲ. ಲೇಬಲ್ ಅಗಲದ ಡಬ್ಬಿ ಮುಚ್ಚಳವನ್ನು ಲೇಬಲ್ ಮೇಲೆ ಒತ್ತಿ ಹಿಡಿದು, ಹೊಸದಾದ ಮೆತ್ತನೆಯ ಶೇವಿಂಗ್ ಬ್ರಷ್ಷನ್ನು ಅದ್ದಿ, ಗೆರೆ ಸುತ್ತುವ ದಿಕ್ಕಿನಲ್ಲಿಯೇ ನಿಧಾನವಾಗಿ ಒಯ್ಯಬೇಕು. ಕೇಂದ್ರದಿಂದ ಅಂಚಿಗೆ ಅಡ್ಡಲಾಗಿ ಉಜ್ಜಿದರೆ ಕಸ ಗೆರೆಯಿಂದ ಗೆರೆಗೆ ಹಾರುತ್ತದೆಯೇ ಹೊರತು ಹೊರಬೀಳುವುದಿಲ್ಲ. ಕೆಂದೂಳು ತುಂಬಿದ ರೆಕಾರ್ಡಾದರೆ ಮೊದಲ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಚೆಲ್ಲಿ, ನೀರು ತಿಳಿಯಾಗುವವರೆಗೆ ಅದನ್ನೇ ಮಾಡಬೇಕು. ಕೊನೆಗೆ ಸೋಪಿಲ್ಲದ ಡಿಸ್ಟಿಲ್ಡ್ ನೀರಿನಿಂದ ಜಾಲಾಡಿಸಿ, ಎಳೆ ಬಿಡದ ಮೈಕ್ರೋಫೈಬರ್ ಬಟ್ಟೆಯಿಂದ ನೀರನ್ನು ಒತ್ತಿ ತೆಗೆದು, ಪಾತ್ರೆ ಸ್ಟ್ಯಾಂಡಿನಲ್ಲಿ ನೆರಳಲ್ಲಿ ನಿಲ್ಲಿಸಬೇಕು. ಬೇಗ ಒಣಗಲೆಂದು ಫ್ಯಾನ್ ಹಾಕಿದರೆ ತೊಳೆದ ಶ್ರಮವೆಲ್ಲ ವ್ಯರ್ಥ, ಫ್ಯಾನು ದೂಳನ್ನೇ ತಂದು ಹಸಿ ಗೆರೆಗೆ ಅಂಟಿಸುತ್ತದೆ.

ಇಲ್ಲಿಯೇ ಪದಾರ್ಥದ ಭೇದ ಮುಖ್ಯವಾಗುತ್ತದೆ. ವಿನೈಲ್ ಮೇಲಿನ ಜಿಡ್ಡು, ಬೆರಳಚ್ಚು, ಬೂಷ್ಟು ಹೋಗದಿದ್ದರೆ ನೀರಿಗೆ ಐದನೆಯ ಒಂದು ಪಾಲಿನಷ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ಬಳಸುವವರಿದ್ದಾರೆ. ಅದು ಅಗತ್ಯವೇ ಎಂಬ ಬಗ್ಗೆ ಸಂಗ್ರಾಹಕರಲ್ಲಿ ಒಮ್ಮತವಿಲ್ಲ, ನಾನಂತೂ ಕೊನೆಯ ಉಪಾಯವೆಂದು ಮಾತ್ರ ಒಪ್ಪುತ್ತೇನೆ. ಅರಗಿಗೆ ಆಲ್ಕೊಹಾಲ್ ಶತ್ರು. ಮರಗೆಲಸದವರು ಪಾಲಿಶ್ ಮಾಡಲು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದನ್ನು ಕಂಡವರಿಗೆ ಇದರ ಕಾರಣ ಹೇಳಬೇಕಿಲ್ಲ. ಸ್ಯಾನಿಟೈಸರ್, ಸ್ಪಿರಿಟ್, ಗಾಜು ಒರೆಸುವ ದ್ರವ ಯಾವುದನ್ನೂ 78ರ ಮೇಲೆ ತೊಟ್ಟು ಸಹ ಹಾಕಬಾರದು. ನೀರಿನಲ್ಲಿ ನೆನೆಹಾಕುವುದೂ ಸಲ್ಲದು, ಏಕೆಂದರೆ ಅರಗಿನ ಜೊತೆಗಿರುವ ಹತ್ತಿಯ ನಾರು ತೇವವನ್ನು ಹೀರಿಕೊಂಡು ಉಬ್ಬುತ್ತದೆ. ಕೂದಲೆಳೆಯಂಥ ಬಿರುಕಿದ್ದರೆ ನೀರು ಅದರೊಳಗೆ ಇಳಿದು ಅದನ್ನು ಅಗಲಿಸುತ್ತದೆ. ಒದ್ದೆ ಮಾಡಿ ಕೂಡಲೇ ಒರೆಸಿ ಮುಗಿಸಬೇಕು.

ಬಿಸಿಲು

ಧ್ವನಿಭಂಡಾರಗಳು ರೆಕಾರ್ಡುಗಳಿಗೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 40ರಿಂದ 50ರ ಆರ್ದ್ರತೆಯನ್ನು ಬಯಸುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನಲ್ಲಿ ಸಾಮಾನ್ಯ ಮನೆಯವರಿಗೆ ಇದು ಕೈಗೆಟುಕುವ ಮಾತಲ್ಲ. ಅದಕ್ಕಾಗಿ ಎದೆಗುಂದಬೇಕಾಗಿಯೂ ಇಲ್ಲ. ವಿನೈಲ್ ಮೆತ್ತಗಾಗತೊಡಗುವುದು 60 ಡಿಗ್ರಿಯ ಆಚೆ. ನೆರಳಿನ ಕೋಣೆ ಎಷ್ಟೇ ಕಾದರೂ ಅಷ್ಟು ಕಾಯುವುದಿಲ್ಲ. ಆದರೆ ಬಿಸಿಲಲ್ಲಿ ನಿಂತ ಕಾರಿನ ಒಳಭಾಗ, ತಗಡಿನ ಛಾವಣಿಗೆ ಅಂಟಿಕೊಂಡ ಅಟ್ಟ, ಕಿಟಕಿಯ ಬಿಸಿಲು ನೇರವಾಗಿ ಬೀಳುವ ಕಪ್ಪು ತಟ್ಟೆ ಇವು ಆ ಗಡಿಯನ್ನು ಮುಟ್ಟಬಲ್ಲವು. ಅದಕ್ಕಿಂತ ಕಡಿಮೆ ಬಿಸಿಯಲ್ಲಿಯೂ ರೆಕಾರ್ಡು ಓರೆಯಾಗಿ ಒರಗಿದ್ದರೆ, ಅಥವಾ ಅದರ ಮೇಲೆ ಅಸಮವಾದ ಭಾರವಿದ್ದರೆ, ತಿಂಗಳುಗಳ ಅವಧಿಯಲ್ಲಿ ನಿಧಾನವಾಗಿ ಸೊಟ್ಟಗಾಗುತ್ತದೆ. ಬಿಸಿ ಮತ್ತು ಭಾರ ಜೊತೆಗೂಡಿದಾಗಲೇ ಕೆಡುಕು. ಬಿಸಿಯನ್ನು ತಡೆಯಲಾಗದವರು ಭಾರವನ್ನಾದರೂ ಸರಿಪಡಿಸಬಹುದು.

ಸರಿಪಡಿಸುವುದೆಂದರೆ ನೆಟ್ಟಗೆ, ಪುಸ್ತಕದಂತೆ ನಿಲ್ಲಿಸುವುದು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಮೇಲಿನವುಗಳ ಭಾರವನ್ನೆಲ್ಲ ಹೊರಬೇಕಾಗುತ್ತದೆ. ಟ್ರಂಕಿನಲ್ಲಿ ಪೇರಿಸಿಟ್ಟ 78ಗಳಲ್ಲಿ ತಳದವೇ ಒಡೆದಿರುವುದು ಇದರಿಂದ. ಹತ್ತು ಇಂಚಿನವನ್ನೂ ಹನ್ನೆರಡು ಇಂಚಿನವನ್ನೂ ಬೆರೆಸದೆ ಬೇರೆ ಬೇರೆ ಸಾಲಿನಲ್ಲಿ, ಬೀಳದಷ್ಟು ಬಿಗಿಯಾಗಿ ಮತ್ತು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಾಗಿ ಇಡಬೇಕು. ನೂರು ಎಲ್‌ಪಿಗಳು ಕವರು ಸಮೇತ ಇಪ್ಪತ್ತು ಕಿಲೋಗ್ರಾಂ ಮೀರುತ್ತವೆ, ಅರಗಿನವು ಇನ್ನೂ ಭಾರ. ಅಗ್ಗದ ಪ್ಲೈವುಡ್ ಹಲಗೆ ನಡುವೆ ಬಾಗುತ್ತದೆ. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ಕೂರಿಸಿದ ಕಡಪಾ ಕಲ್ಲಿನ ಅಲಮಾರಿಗಿಂತ ಒಳ್ಳೆಯ ಜಾಗ ದುಡ್ಡು ಕೊಟ್ಟರೂ ಸಿಗದು, ಅದು ಒಳಗೋಡೆಯಲ್ಲಿದ್ದರೆ. ಪಶ್ಚಿಮದ ಹೊರಗೋಡೆಯಾದರೆ ಸಂಜೆಯ ಬಿಸಿಲೆಲ್ಲ ಕಲ್ಲಿಗೆ ಇಳಿದು ರಾತ್ರಿಯಿಡೀ ಹೊರಬರುತ್ತದೆ. ಮಣ್ಣಿನ ಮಾಳಿಗೆಯ ಮನೆ ಆರ್‌ಸಿಸಿ ಮನೆಗಿಂತ ರೆಕಾರ್ಡುಗಳಿಗೆ ಹಿತ, ಆದರೆ ಅಲ್ಲಿ ಗೆದ್ದಲಿನ ಭಯವುಂಟು. ನೆಲದಿಂದ ಗೇಣುದ್ದ ಎತ್ತರಿಸಿ, ಗೋಡೆಗೆ ತಾಗದಂತೆ ಇಡುವುದು ಲೇಸು. ಇನ್ನೊಂದು ಅಪಾಯವನ್ನು ನಾವೇ ಕೋಣೆಗೆ ತಂದುಕೊಳ್ಳುತ್ತೇವೆ: ಏರ್ ಕೂಲರ್. ಅದರ ಹಸಿಗಾಳಿ ನೇರವಾಗಿ ಬೀಸುವ ಕಡೆ ಕವರುಗಳು ಮೆತ್ತಗಾಗಿ ಬೂಷ್ಟು ಹಿಡಿಯುತ್ತವೆ, ಲೇಬಲ್ ಏಳುತ್ತದೆ.

ಕವರಿನ ಪ್ಲಾಸ್ಟಿಕ್ ಕೂಡ ಬಿಸಿಯಲ್ಲಿ ಸುಮ್ಮನಿರುವುದಿಲ್ಲ. ಹಳೆಯ ಎಲ್‌ಪಿಗಳಿಗೆ ಹಾಕಿರುತ್ತಿದ್ದ ಮೆತ್ತನೆಯ, ವಾಸನೆ ಬರುವ ಪಿವಿಸಿ ಹೊದಿಕೆಯಿಂದ ಬೇಸಗೆಯಲ್ಲಿ ಎಣ್ಣೆಯಂಥ ಪದಾರ್ಥ ಹೊರಬಂದು ರೆಕಾರ್ಡಿನ ಮೇಲೆ ಮಂಜಿನಂತೆ ಕೂರುತ್ತದೆ. ಆ ಮಂಕು ಸಾಮಾನ್ಯವಾಗಿ ತೊಳೆದರೂ ಹೋಗುವುದಿಲ್ಲ. ಅಂಥ ಹೊದಿಕೆಯನ್ನು ಕಂಡ ಕೂಡಲೇ ತೆಗೆದುಹಾಕಬೇಕು. ಬದಲಿಗೆ ಪಾಲಿಪ್ರೊಪಿಲೀನ್ ಚೀಲ ಒಳ್ಳೆಯದು; ಜೀನ್ಸ್ ಹೊಲಿಗೆಯ ಊರಾದ ಬಳ್ಳಾರಿಯಲ್ಲಿ ಸಿದ್ಧ ಉಡುಪನ್ನು ತುಂಬುವ ಪಾರದರ್ಶಕ ಚೀಲಗಳನ್ನು ಮಾರುವವರ ಬಳಿ ಹದಿಮೂರು ಇಂಚು ಅಗಲದ್ದನ್ನು ಕೇಳಿ ನೋಡಬಹುದು. 78ಗಳಿಗೆ ದಪ್ಪ ಬಿಳಿ ಕಾಗದದ ಕವರು ಸಾಕು. ಪತ್ರಿಕೆಯ ಕಾಗದದಲ್ಲಿ ಸುತ್ತಬಾರದು, ಅದರಲ್ಲಿ ಆಮ್ಲದ ಅಂಶವಿರುತ್ತದೆ. ಮೂಲ ಕವರು ಹರಿದಿದ್ದರೂ ಎಸೆಯದೆ ಹಿಂದೆ ಇಡಬೇಕು, ಏಕೆಂದರೆ ಮಾರಿದ ಅಂಗಡಿಯ ಮೊಹರು ಇರುವುದು ಅದರ ಮೇಲೆಯೇ.

ನುಡಿಸುವ ಯಂತ್ರ, ಸರಿಯಾದ ಶ್ರುತಿ

ಎಲ್‌ಪಿಯ ಮೂಲಪ್ರತಿಯನ್ನು ಕೆತ್ತುವಾಗ ಮಂದ್ರ ಧ್ವನಿಯನ್ನು ತಗ್ಗಿಸಿ ತಾರ ಧ್ವನಿಯನ್ನು ಹೆಚ್ಚಿಸಿರುತ್ತಾರೆ. ಹಾಗೆ ಮಾಡದಿದ್ದರೆ ಮಂದ್ರದ ದೊಡ್ಡ ಅಲೆಗಳು ಪಕ್ಕದ ಗೆರೆಗೆ ನುಗ್ಗುತ್ತವೆ. ನುಡಿಸುವಾಗ ಇದನ್ನು ತಿರುವುಮುರುವು ಮಾಡಿ ಸಮಗೊಳಿಸುವುದು ಫೋನೊ ಪ್ರಿಆಂಪ್ಲಿಫೈಯರಿನ ಕೆಲಸ. 1954ರಲ್ಲಿ ರೂಪುಗೊಂಡ, ಅಮೆರಿಕದ ರೆಕಾರ್ಡು ಉದ್ಯಮ ಸಂಘವಾದ ಆರ್‌ಐಎಎಯ ಮಾನದಂಡ ಇದಕ್ಕೆ ಆಧಾರ. ಟರ್ನ್‌ಟೇಬಲನ್ನು (ರೆಕಾರ್ಡು ತಿರುಗಿಸುವ ಯಂತ್ರ) ನೇರವಾಗಿ ಸಾಮಾನ್ಯ ಆಂಪ್ಲಿಫೈಯರಿಗೆ ಜೋಡಿಸಿ, ಧ್ವನಿ ತೆಳ್ಳಗಿದೆಯೆಂದು ರೆಕಾರ್ಡನ್ನು ಬೈಯುವವರು ಈ ಪೆಟ್ಟಿಗೆಯನ್ನು ಮರೆತಿರುತ್ತಾರೆ. ಎಚ್‌ಎಂವಿ ಫಿಯೆಸ್ಟಾದಂಥ ಹಳೆಯ ಪ್ಲೇಯರುಗಳ ಸೆರಾಮಿಕ್ ಕಾರ್ಟ್ರಿಡ್ಜ್ (ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಇದಿಲ್ಲದೆಯೇ ನುಡಿಯುತ್ತದೆ, ಆದರೆ ಅದರ ಮುಳ್ಳಿನ ಭಾರ ಹೆಚ್ಚು. ಒಳ್ಳೆಯ ಎಲ್‌ಪಿಗೆ ಒಂದೂವರೆಯಿಂದ ಎರಡೂವರೆ ಗ್ರಾಂ ಭಾರದ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್ ಸೂಕ್ತ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಹಳೆಯ ಟರ್ನ್‌ಟೇಬಲಿನ ವಿಷಯದಲ್ಲಿ ಎಚ್ಚರವಿರಲಿ. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಿದರಷ್ಟೇ ಸಾಲದು. ಸಿಂಕ್ರೋನಸ್ ಮೋಟಾರು ವಿದ್ಯುತ್ತಿನ ಆವರ್ತನವನ್ನು ಅನುಸರಿಸುವುದರಿಂದ, 60 ಹರ್ಟ್ಸ್‌ಗೆಂದು ಮಾಡಿದ ಯಂತ್ರ ನಮ್ಮ 50 ಹರ್ಟ್ಸ್‌ನಲ್ಲಿ 33⅓ರ ಬದಲು 28 ಸುತ್ತಿನ ಆಸುಪಾಸಿನಲ್ಲಿ ತೆವಳುತ್ತದೆ. ಕರೆಂಟು ಹೋದಾಗ ಅಗ್ಗದ ಸ್ಕ್ವೇರ್‌ವೇವ್ ಇನ್ವರ್ಟರಿನಿಂದ ನಡೆಸಿದರೆ ಇಂಥ ಮೋಟಾರು ಗುಂಯ್‌ಗುಡುತ್ತದೆ; ಕರೆಂಟು ಬರುವವರೆಗೆ ಕಾಯುವುದೇ ಮೇಲು. ವೇಗವನ್ನು ಪರೀಕ್ಷಿಸಲು ಕಪ್ಪು–ಬಿಳಿ ಪಟ್ಟೆಗಳ ಸ್ಟ್ರೋಬ್ ತಟ್ಟೆಯನ್ನು ಬಳಸುತ್ತಾರೆ. ನಮ್ಮ ವಿದ್ಯುದ್ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ 180 ಪಟ್ಟೆಗಳು ನಿಂತಂತೆ ಕಂಡರೆ ವೇಗ 33⅓ ಇದೆ ಎಂದು ಲೆಕ್ಕ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಇದು ಚೆನ್ನಾಗಿ ಕಾಣುತ್ತದೆ, ಹಲವು ಎಲ್‌ಇಡಿ ದೀಪಗಳ ಕೆಳಗೆ ಕಾಣುವುದೇ ಇಲ್ಲ.

78 ಎಂಬ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಆರಂಭದ ದಶಕಗಳಲ್ಲಿ ಧ್ವನಿಮುದ್ರಣದ ವೇಗ ಸ್ಥಿರವಾಗಿರಲಿಲ್ಲ. ನಿಮಿಷಕ್ಕೆ 70ರ ಮೇಲಿನ ಸುತ್ತುಗಳಿಂದ 80ರ ಆಚೆಯವರೆಗೂ ಏರುಪೇರಾಗುತ್ತಿತ್ತು. ವೇಗ ಸುಮಾರು ಶೇ 6ರಷ್ಟು ತಪ್ಪಿದರೆ ಶ್ರುತಿ ಅರ್ಧ ಸ್ವರ ತಪ್ಪುತ್ತದೆ. ಗಾಯಕರ ಧ್ವನಿ ಅಸಹಜವಾಗಿ ಚೂಪಾಗಿದ್ದರೆ, ಹಾಡಿನ ಹಿಂದಿನ ಹಾರ್ಮೋನಿಯಂ ಯಾವ ಮನೆಗೂ (ಸ್ವರಸ್ಥಾನಕ್ಕೂ) ಹೊಂದದೆ ಎರಡು ಮನೆಗಳ ನಡುವೆ ನಿಂತಂತಿದ್ದರೆ ವೇಗವನ್ನು ಅನುಮಾನಿಸಬೇಕು. ಭಜನೆಯ ಹಾರ್ಮೋನಿಯಂ ನುಡಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಯಂತ್ರಕ್ಕಿಂತ ಬೇಗ ಪತ್ತೆಯಾಗುತ್ತದೆ.

ಈ ತಿದ್ದುಪಡಿಯನ್ನು ಕಂಪ್ಯೂಟರಿನಲ್ಲಿ ಮಾಡುವುದು ಸುಲಭ. ಅಪರೂಪದ ಅರಗಿನ ರೆಕಾರ್ಡನ್ನು ಪದೇ ಪದೇ ನುಡಿಸುವ ಬದಲು, 78ರ ಮುಳ್ಳು ಹಾಕಿದ ಹಗುರ ಕಾರ್ಟ್ರಿಡ್ಜಿನಿಂದ ಒಮ್ಮೆ ನುಡಿಸಿ, 24 ಬಿಟ್, 96 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು. ಟರ್ನ್‌ಟೇಬಲಿಗೆ 78ರ ವೇಗವೇ ಇಲ್ಲದಿದ್ದರೆ 45ರಲ್ಲಿ ನುಡಿಸಿ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇಗ ಹೆಚ್ಚಿಸಬಹುದು. ಚರಚರ ಸದ್ದನ್ನು ತೆಗೆಯುವ ಆಸೆಯಲ್ಲಿ ಮೂಲ ಪ್ರತಿಯನ್ನೇ ತಿದ್ದಬಾರದು. ತಿದ್ದಿದ್ದನ್ನು ಬೇರೆ ಕಡತವಾಗಿಡಬೇಕು, ಏಕೆಂದರೆ ಸದ್ದಿನ ಜೊತೆಗೆ ಸರಸ್ವತಿಯೂ ಹೋಗುವುದುಂಟು. ಪ್ರತಿಯನ್ನು ಊರಿಗೆಲ್ಲ ಹಂಚುವ ಮುನ್ನ ಕಾನೂನನ್ನು ನೋಡಬೇಕು: ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ, ಹಾಡಿನ ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆಯೇ, ಅದು ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ. ಆದ್ದರಿಂದ ರೆಕಾರ್ಡು ಹಳೆಯದಾದ ಮಾತ್ರಕ್ಕೆ ಅದರ ಮೇಲಿನ ಹಾಡಿನ ಹಕ್ಕು ಮುಗಿದಿದೆ ಎನ್ನುವಂತಿಲ್ಲ. ಕಡತದ ಹೆಸರಿನಲ್ಲಿ ಹಾಡು, ಹಾಡಿದವರು, ಲೇಬಲ್ ಸಂಖ್ಯೆ, ಗೆರೆಯ ಕೊನೆಯಲ್ಲಿ ಕೆತ್ತಿದ ಮೂಲಪ್ರತಿಯ ಸಂಖ್ಯೆ, ನುಡಿಸಿದ ವೇಗ, ರೆಕಾರ್ಡು ಸಿಕ್ಕ ಊರು ಇಷ್ಟನ್ನೂ ಸೇರಿಸಿ, ಲೇಬಲಿನ ಎರಡೂ ಮಗ್ಗುಲಿನ ಚಿತ್ರವನ್ನು ಅದರ ಜೊತೆಗೇ ಇಡಬೇಕು.